ಮೃಗಾಲಯದಲ್ಲಿ ಕಾರ್ಯಕ್ರಮ ನಡೆದರೆ ಪ್ರಾಣಿಗಳಿಗೆ ಏನು ಸಿಗುತ್ತದೆ?

ಓದುಗರ ಪ್ರಶ್ನೆ: ಭೂತರಾಮನಹಟ್ಟಿ ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತೇವೆ. ಈಗ ಎಲ್ಲ ಮೃಗಾಲಯಗಳಲ್ಲೂ ಶಿಬಿರ, ಚಿತ್ರ ಸ್ಪರ್ಧೆ, ನಡಿಗೆ, ವನ್ಯಜೀವಿ ಸಪ್ತಾಹ ಅಂತ ಏನಾದರೊಂದು ಇರುತ್ತದೆ. ಮೃಗಾಲಯದ ಕೆಲಸ ಪ್ರಾಣಿ ಉಳಿಸುವುದು ಅಲ್ವಾ? ಜನರನ್ನು ಗುಂಪು ಸೇರಿಸಿದರೆ ಪ್ರಾಣಿಗಳಿಗೆ ತೊಂದರೆಯೇ ಜಾಸ್ತಿ ಆಗುವುದಿಲ್ಲವೇ?

ಉತ್ತರ: ಬೆಳಗಾವಿ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳಲೇಬೇಕಾದ ಪ್ರಶ್ನೆ. ಕಾರ್ಯಕ್ರಮದಿಂದ ಪ್ರಾಣಿಗಳಿಗೆ ಲಾಭವೂ ಆಗಬಹುದು, ಕೇಡೂ ಆಗಬಹುದು. ಅದನ್ನು ಎರಡು ಸಂಗತಿಗಳಿಂದ ಅಳೆಯಬೇಕು ಅಂತ ನನಗೆ ಅನ್ನಿಸುತ್ತದೆ. ಹೊತ್ತು, ಜಾಗ, ಸದ್ದು ಇವನ್ನೆಲ್ಲ ಪ್ರಾಣಿಯ ದಿನಚರಿ ನೋಡಿ ಗೊತ್ತು ಮಾಡಿದ್ದಾರಾ? ಬಂದವರು ಮನೆಗೆ ಹೋದ ಮೇಲೆ, ಬೇಲಿಯ ಹೊರಗೆ ಬದುಕುವ ಪ್ರಾಣಿಗಳ ವಿಷಯದಲ್ಲಿ ಏನಾದರೂ ಬದಲಾಯಿಸಿಕೊಳ್ಳುತ್ತಾರಾ? ಎರಡಕ್ಕೂ ಹೌದು ಅನ್ನಲು ಆಗುವುದಾದರೆ ಅದು ಸಂರಕ್ಷಣೆಯ ಕೆಲಸ. ಇಲ್ಲವಾದರೆ ಅದನ್ನು ಊರಿನ ಯಾವ ಮೈದಾನದಲ್ಲಾದರೂ ಮಾಡಬಹುದು, ಮೃಗಾಲಯವೇ ಬೇಕಿಲ್ಲ.

ಮೃಗಾಲಯ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೆದ್ದಾರಿಯಲ್ಲಿ ಹೊರಟರೆ ಕಾಕತಿ ದಾಟಿದ ಮೇಲೆ ಭೂತರಾಮನಹಟ್ಟಿ ಸಿಗುತ್ತದೆ. ಕಾಕತಿ ರಾಣಿ ಚನ್ನಮ್ಮ ಹುಟ್ಟಿದ ಊರು. ಮೃಗಾಲಯಕ್ಕೂ ಅವರದೇ ಹೆಸರು. ಮೊದಲು ಇದು ಜಿಂಕೆಗಳಿದ್ದ ನಿಸರ್ಗಧಾಮ. ಆಮೇಲೆ ಕಿರು ಮೃಗಾಲಯವಾಗಿ ಬೆಳೆಯಿತು. 2021ರಲ್ಲಿ ಬನ್ನೇರುಘಟ್ಟದಿಂದ ಸಿಂಹಗಳು ಬಂದವು. ಮೈಸೂರು, ಬನ್ನೇರುಘಟ್ಟ, ತ್ಯಾವರೆಕೊಪ್ಪ, ಗದಗ, ಹಂಪಿಯ ಮೃಗಾಲಯಗಳಂತೆ ಇದೂ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೈಕೆಳಗೆ ಬರುತ್ತದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಮಕ್ಕಳು ಹುಲಿ, ಸಿಂಹವನ್ನು ಮೊದಲು ನೋಡುವುದು ಇಲ್ಲಿ ಅಥವಾ ಗದಗದಲ್ಲಿ.

ಗಲಾಟೆಯ ವಿಷಯಕ್ಕೆ ಬರೋಣ. ನಿಮ್ಮ ಆತಂಕವನ್ನು ಕಾನೂನೇ ಒಪ್ಪುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಂ ಮೃಗಾಲಯಕ್ಕೆ ಬರುವವರಿಗಾಗಿಯೇ ಇದೆ. ಪ್ರಾಣಿಯನ್ನು ಕೆಣಕಬಾರದು, ಗಾಯ ಮಾಡಬಾರದು, ಅದಕ್ಕೆ ತಿನ್ನಲು ಕೊಡಬಾರದು, ಕಸ ಎಸೆಯಬಾರದು. ಸದ್ದು ಮಾಡಿ ತೊಂದರೆ ಕೊಡಬಾರದು ಎಂದೂ ಅದು ಬಿಡಿಸಿ ಹೇಳುತ್ತದೆ. ಬೋನಿನ ಮುಂದೆ ನಿಂತು ಸಿಳ್ಳೆ ಹಾಕುವುದು ಕೆಟ್ಟ ನಡವಳಿಕೆ ಅಷ್ಟೇ ಅಲ್ಲ, ಅಪರಾಧವೂ ಹೌದು. ಸಿಳ್ಳೆ ಹೊಡೆಯುವವರಿಗೆ ಇರುವ ನಿಯಮ ಮೈಕ್ ಹಿಡಿದು ಭಾಷಣ ಮಾಡುವವರಿಗೂ ಇರಬೇಕು. ಧ್ವನಿವರ್ಧಕ ಬೇಕೇ ಬೇಕು ಅನ್ನುವ ಕಾರ್ಯಕ್ರಮ ಗೇಟಿನ ಹೊರಗೆ ನಡೆಯಲಿ.

ಜಿಂಕೆ, ಕೃಷ್ಣಮೃಗದಂಥ ಪ್ರಾಣಿಗಳಿಗಂತೂ ಇದು ಬದುಕು ಸಾವಿನ ಮಾತು. ಕೃಷ್ಣಮೃಗ, ಅಂದರೆ ನಮ್ಮ ಕಡೆಯ ಚಿಗರಿ, ಬಯಲಿನ ಪ್ರಾಣಿ. ಅಪಾಯ ಕಂಡರೆ ಓಡಿ ಪಾರಾಗುತ್ತದೆ. ಬೇಲಿಯೊಳಗೆ ಎಲ್ಲಿಗೆ ಓಡಬೇಕು? ಬೆದರಿ ತಂತಿಗೆ ಗುದ್ದಿಕೊಳ್ಳುತ್ತದೆ. ಗುದ್ದಿಕೊಳ್ಳದಿದ್ದರೂ ಒಳಗೊಳಗೇ ಬಳಲುತ್ತದೆ. ಬಳಲಿದ ಮೈಗೆ ರೋಗ ಬೇಗ ಹತ್ತುತ್ತದೆ.

ರೋಗ ಅಂದ ಕೂಡಲೇ ಬೆಳಗಾವಿಯವರಿಗೆ 2025ರ ನವೆಂಬರ್ ನೆನಪಾಗುತ್ತದೆ. ಇದೇ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಕೃಷ್ಣಮೃಗಗಳು ಸತ್ತುಹೋದವು. ಬದುಕಿ ಉಳಿದವು ಬೆರಳೆಣಿಕೆಯಷ್ಟು. ಆ ಸುದ್ದಿ ಓದಿದಾಗ ಆದ ಸಂಕಟ ನನಗೆ ಇನ್ನೂ ಹೋಗಿಲ್ಲ. ಪರೀಕ್ಷೆಯಲ್ಲಿ ಕಂಡದ್ದು ಗಳಲೆ ರೋಗ. ದನ ಎಮ್ಮೆ ಸಾಕಿದ ಯಾರಿಗೂ ಇದು ಹೊಸ ಹೆಸರಲ್ಲ. ಜ್ವರ ಏರುತ್ತದೆ, ಗಂಟಲು ಊದುತ್ತದೆ, ಉಸಿರು ಕಟ್ಟುತ್ತದೆ. ಎಷ್ಟೋ ಸಲ ಲಕ್ಷಣ ಕಾಣುವಷ್ಟರಲ್ಲೇ ಪ್ರಾಣಿ ಹೋಗಿರುತ್ತದೆ. ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಆರೋಗ್ಯವಾಗಿ ಕಾಣುವ ದನದ ಗಂಟಲಲ್ಲೂ ಅದು ಸುಮ್ನೆ ಇರಬಲ್ಲದು. ಹವೆ ಬದಲಾದಾಗ, ತೇವ ಹೆಚ್ಚಿದಾಗ, ಪ್ರಾಣಿ ದಣಿದಾಗ ಅದು ತಲೆ ಎತ್ತುತ್ತದೆ.

ಹೀಗಾಗಿ ಈ ಮೃಗಾಲಯಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಸಮುದಾಯ ಕಾರ್ಯಕ್ರಮ ಯಾವುದು ಅಂತ ನನ್ನನ್ನು ಕೇಳಿದರೆ, ಚಿತ್ರ ಸ್ಪರ್ಧೆ ಅನ್ನುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮುಂಚೆ ದನಕರುಗಳಿಗೆ ಗಳಲೆ ರೋಗದ ಲಸಿಕೆ ಶಿಬಿರ ಅನ್ನುತ್ತೇನೆ. ರೋಗಕ್ಕೆ ಬೇಲಿ ಕಾಣುವುದಿಲ್ಲ. ಮೇವು, ನೀರು, ಬೂಟಿನ ಅಡಿಯ ಮಣ್ಣು, ಯಾವುದರಲ್ಲಿ ಬೇಕಾದರೂ ಅದು ಬರಬಹುದು. ಅಭಯಾರಣ್ಯಗಳ ಅಂಚಿನ ಊರುಗಳಲ್ಲಿ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಪದ್ಧತಿ ದೇಶದಲ್ಲಿ ಮೊದಲಿನಿಂದಲೂ ಇದೆ. ಮೃಗಾಲಯದ ವೈದ್ಯರು, ಪಶುಪಾಲನಾ ಇಲಾಖೆಯವರು ಒಂದು ಬೆಳಗ್ಗೆ ಊರಿನ ಕಟ್ಟೆ ಹತ್ತಿರ ಕೂತರೆ ರೈತನ ಎಮ್ಮೆಯೂ ಉಳಿಯುತ್ತದೆ, ಚಿಗರಿಗೂ ಕಾವಲು ಸಿಗುತ್ತದೆ. ಊರಿನವರಿಗೆ ಮೃಗಾಲಯ ತಮ್ಮದು ಅನ್ನಿಸುವುದೂ ಆಗಲೇ.

ಹಾಗೆಂದು ಜನ ಬರುವುದೇ ಬೇಡ ಅನ್ನಲು ಆಗುವುದಿಲ್ಲ. ನಮ್ಮ ಮೃಗಾಲಯಗಳು ದೊಡ್ಡ ಮಟ್ಟಿಗೆ ನಡೆಯುವುದೇ ಟಿಕೆಟ್ ದುಡ್ಡಿನಿಂದ. 2020ರಲ್ಲಿ ಕೋವಿಡ್ ಬಂದು ಬಾಗಿಲು ಮುಚ್ಚಿದಾಗ ಇದು ಚೆನ್ನಾಗಿ ಗೊತ್ತಾಯಿತು. ಜನ ಬರಲಿಲ್ಲ ಅಂತ ಹುಲಿಯ ಹಸಿವು ನಿಲ್ಲುವುದಿಲ್ಲ ಅಲ್ವಾ? ಆಗ ಪ್ರಾಣಿಗಳನ್ನು ದತ್ತು ತೆಗೆದುಕೊಂಡು ಸಾವಿರಾರು ಜನ ನೆರವಾದರು. ದತ್ತು ಅಂದರೆ ಪ್ರಾಣಿಯನ್ನು ಮನೆಗೆ ಒಯ್ಯುವುದಲ್ಲ. ಒಂದು ಅವಧಿಗೆ ಅದರ ಊಟದ, ಆರೈಕೆಯ ಖರ್ಚು ಕೊಡುವುದು. ಸಣ್ಣ ಹಕ್ಕಿಗೆ ಕಡಿಮೆ, ಆನೆಗೆ ಜಾಸ್ತಿ. ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಸಿಗಬಹುದು. ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವ ಬದಲು ಒಂದು ಗಿಳಿಯ ವರ್ಷದ ಖರ್ಚು ಕೊಟ್ಟ ಮಗು ಆ ಮೃಗಾಲಯವನ್ನು ಮರೆಯುವುದಿಲ್ಲ.

ಹೊರಗಿನ ಒಂದು ಉದಾಹರಣೆ ನನಗೆ ತುಂಬ ಇಷ್ಟ. ಅಮೆರಿಕದ ಕೊಲೊರಾಡೊದಲ್ಲಿರುವ ಶಯೆನ್ ಮೌಂಟನ್ ಮೃಗಾಲಯದಲ್ಲಿ ಟಿಕೆಟ್ ದುಡ್ಡಿನ ಒಂದು ಸಣ್ಣ ಪಾಲು ಕಾಡಿನ ಕೆಲಸಕ್ಕೆ ಹೋಗುತ್ತದೆ. ಯಾವ ಕೆಲಸಕ್ಕೆ ಅನ್ನುವುದನ್ನು ಬಂದವರೇ ಮತ ಹಾಕಿ ಹೇಳುತ್ತಾರೆ. ಮಗು ಒಂದು ಬಿಲ್ಲೆ ಹಿಡಿದುಕೊಂಡು ಯಾವ ಪ್ರಾಣಿಗೆ ಹಾಕಲಿ ಅಂತ ಯೋಚಿಸುತ್ತಾ ನಿಲ್ಲುತ್ತದೆ. ಆ ನಿಂತ ಕ್ಷಣಕ್ಕೆ ಬೆಲೆ ಇದೆ. ನಮ್ಮಲ್ಲಿ ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ, ನಾಲ್ಕು ಡಬ್ಬಿ ಸಾಕು.

ಮೃಗಾಲಯಗಳು ನೇರವಾಗಿ ಪ್ರಾಣಿ ಉಳಿಸಿದ್ದೂ ಉಂಟು. 1982ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕಾಂಡರ್ ಹದ್ದುಗಳು ಲೋಕದಲ್ಲೇ 22 ಉಳಿದಿದ್ದವು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ತಂದರು. ಸ್ಯಾನ್ ಡಿಯಾಗೊ, ಲಾಸ್ ಏಂಜಲೀಸ್ ಮೃಗಾಲಯಗಳು ಮರಿ ಮಾಡಿಸಿದವು. 1992ರಿಂದ ಮತ್ತೆ ಕಾಡಿಗೆ ಬಿಡಲು ಶುರುವಾಯಿತು. ಈಗ ಆಕಾಶದಲ್ಲಿ ಹಾರುವವೇ ನೂರಾರು ಇವೆ. ನಮ್ಮಲ್ಲಿ ಡಾರ್ಜಿಲಿಂಗ್ ಮೃಗಾಲಯ ಕೆಂಪು ಪಾಂಡಾಗಳನ್ನು ಬೆಳೆಸಿ ಸಿಂಗಾಲೀಲಾ ಕಾಡಿಗೆ ಬಿಟ್ಟಿದೆ.

ಆದರೆ ಕಿರು ಮೃಗಾಲಯದಿಂದ ಇದನ್ನು ನಿರೀಕ್ಷಿಸುವುದು ಸರಿಯಲ್ಲ. ಭೂತರಾಮನಹಟ್ಟಿಯ ಸಿಂಹದ ಮರಿ ಯಾವ ಕಾಡಿಗೂ ಹೋಗುವುದಿಲ್ಲ, ನಮ್ಮ ಸೀಮೆ ಸಿಂಹದ ನಾಡೂ ಅಲ್ಲ. ಇಂಥ ಮೃಗಾಲಯ ಉಳಿಸಬಹುದಾದದ್ದು ತನ್ನ ಸುತ್ತ ನೂರು ಮೈಲಿಯಲ್ಲಿ ಬದುಕುವ ಕಾಡುಪ್ರಾಣಿಗಳನ್ನು. ಅದನ್ನು ಉಳಿಸುವ ದಾರಿ ಜನರ ಮೂಲಕವೇ. ಕಾರ್ಯಕ್ರಮಗಳು ಬೇಕಾಗುವುದು ಇಲ್ಲಿ.

2022ರ ಆಗಸ್ಟ್ ನೆನಪಿಸಿಕೊಳ್ಳಿ. ಬೆಳಗಾವಿ ನಗರದೊಳಗೆ, ಜಾಧವ ನಗರದಲ್ಲಿ ಚಿರತೆ ಕಾಣಿಸಿಕೊಂಡಿತು, ಒಬ್ಬ ಕಾರ್ಮಿಕರ ಮೇಲೆ ಎರಗಿತು. ಆಮೇಲೆ ಗಾಲ್ಫ್ ಮೈದಾನದ ಪೊದೆಗಳಲ್ಲಿ ಅಡಗಿತು. ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ. ಸಕ್ರೆಬೈಲಿನ ಆನೆ ಶಿಬಿರದಿಂದ ಆನೆಗಳು ಬಂದವು. ವಾರಗಟ್ಟಲೆ ಹುಡುಕಿದರೂ ಚಿರತೆ ಬೋನಿಗೆ ಬೀಳಲಿಲ್ಲ. ಅಷ್ಟು ದಿನ ಊರಿಗೆ ಊರೇ ಚಿರತೆ ಬಗ್ಗೆ ಮಾತಾಡಿತು. ಚಿರತೆ ಯಾಕೆ ಊರಿಗೆ ಬರುತ್ತದೆ, ಎದುರಾದರೆ ಏನು ಮಾಡಬೇಕು, ಬೀದಿಬದಿಯ ಮಾಂಸದ ಕಸಕ್ಕೂ ನಾಯಿಗಳಿಗೂ ಚಿರತೆಗೂ ಏನು ಸಂಬಂಧ ಅನ್ನುವುದನ್ನು ಬಲ್ಲವರ ಬಾಯಿಂದ ಕೇಳಲು ಮೃಗಾಲಯಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಮೇ 3 ಚಿರತೆ ದಿನ. ಪ್ರತಿ ವರ್ಷ ಅವತ್ತು ಇಂಥ ಒಂದು ಸಭೆ ನಡೆಯಲಿ. ಹೆದರಿಕೆ ತಲೆಗೇರಿದ ಮೇಲೆ ಕಲಿಸುವುದು ಕಷ್ಟ.

ಮೊಸಳೆಯದೂ ಹಾಗೆಯೇ. 2019ರ ಪ್ರವಾಹದಲ್ಲಿ ರಾಯಬಾಗ ತಾಲ್ಲೂಕಿನ ಮುಳುಗಿದ ಮನೆಯೊಂದರ ಚಾವಣಿ ಮೇಲೆ ಮೊಸಳೆ ಕೂತಿದ್ದ ದೃಶ್ಯವನ್ನು ದೇಶವೆಲ್ಲ ನೋಡಿತು. ಬೇರೆಯವರಿಗೆ ಅದು ವಿಚಿತ್ರ. ಕೃಷ್ಣೆ, ಘಟಪ್ರಭೆಯ ದಂಡೆಯವರಿಗೆ ಮೊಸಳೆ ನೆರೆಯ ಜೀವಿ. ಬೇಸಿಗೆಯಲ್ಲಿ ಅದು ದಂಡೆಯ ಮರಳಿನಲ್ಲಿ ಮೊಟ್ಟೆ ಇಡುತ್ತದೆ. ಮರಳು ತೆಗೆದರೆ ಗೂಡೂ ಹೋಗುತ್ತದೆ. ಮೃಗಾಲಯದವರು ಇದನ್ನು ಮೊಸಳೆ ಕೊಳದ ಮುಂದೆ ಫಲಕದಲ್ಲಿ ಬರೆದರೆ ಸಾಲದು, ಜಮಖಂಡಿ, ಅಥಣಿ ಕಡೆಯ ನದಿ ದಂಡೆ ಶಾಲೆಗಳಿಗೆ ಹೋಗಿ ಹೇಳಬೇಕು.

ಇನ್ನು ಯಡಹಳ್ಳಿ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳ ಕುರುಚಲು ಕಾಡು 2016ರಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಯ ಧಾಮವಾಯಿತು. ಚಿಂಕಾರಕ್ಕೆಂದೇ ಇಲ್ಲಿ ಒಂದು ಧಾಮ ಇದೆ ಅನ್ನುವುದು ಜಿಲ್ಲೆಯ ಎಷ್ಟು ಮಕ್ಕಳಿಗೆ ಗೊತ್ತು? ಖಾನಾಪುರದ ಭೀಮಗಡ ಧಾಮದಲ್ಲಿ ಬಾರಾಪೇಡೆ ಗುಹೆಗಳಿವೆ. ರಾಟನ್ ಹೆಸರಿನ ಅಪರೂಪದ ಬಾವಲಿ ಲೋಕಕ್ಕೆ ಮೊದಲು ಗೊತ್ತಾದದ್ದು ಅಲ್ಲಿಂದಲೇ. ಬಹಳ ಕಾಲ ಅದು ಬೇರೆಲ್ಲೂ ಇಲ್ಲ ಅಂತಲೇ ತಿಳಿದಿದ್ದರು. ಸಿಂಹದ ಬೋನಿನ ಮುಂದೆ ಸೇರುವ ಗುಂಪಿನಲ್ಲಿ ಅರ್ಧದಷ್ಟು ಜನಕ್ಕೆ ಈ ಬಾವಲಿಯ ಕಥೆ ಹೇಳಿದರೂ ದೊಡ್ಡ ಕೆಲಸ. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಅದೇ ತಿಂಗಳ ಕೊನೆಯ ಹೊತ್ತಿಗೆ ಕಿತ್ತೂರು ಉತ್ಸವ. ಉತ್ಸವಕ್ಕೆ ಬರುವ ಜನಸಾಗರದ ನಡುವೆ ಮೃಗಾಲಯದ್ದೊಂದು ಮಳಿಗೆ ಹಾಕಿದರೆ, ಪ್ರಾಣಿಗಳ ನೆಮ್ಮದಿ ಕೆಡದೆ ಮಾತು ಸಾವಿರಾರು ಮನೆಗೆ ತಲುಪುತ್ತದೆ.

ಮೃಗಾಲಯದೊಳಗೇ ಮಾಡುವ ಕಾರ್ಯಕ್ರಮ ಸಣ್ಣ ಗುಂಪಿನದ್ದಾಗಿರಲಿ. ಮೈಸೂರು ಮೃಗಾಲಯದ ಯುವ ಸಂಘ, ಬೇಸಿಗೆ ಶಿಬಿರಗಳು ವರ್ಷಗಳಿಂದ ನಡೆದುಬಂದಿವೆ. ಅಲ್ಲಿ ಕಲಿತವರಲ್ಲಿ ಪ್ರಾಣಿಗಳ ಬಗ್ಗೆ ಕಾಳಜಿ ನಿಲ್ಲುತ್ತದೆ, ಯಾಕೆಂದರೆ ಅವರು ಒಂದು ದಿನ ನೋಡಿ ಹೋದವರಲ್ಲ, ಮತ್ತೆ ಮತ್ತೆ ಬಂದವರು. ಮಕ್ಕಳ ಕೈಗೆ ನಿಜವಾದ ಕೆಲಸ ಕೊಡಬಹುದು. ಕರಡಿಗೆ ಆಹಾರ ಹುಡುಕಿ ತಿನ್ನುವ ಅಭ್ಯಾಸ. ತಟ್ಟೆಯಲ್ಲಿ ಇಟ್ಟರೆ ಎರಡು ನಿಮಿಷದಲ್ಲಿ ಮುಗಿಸಿ ದಿನವಿಡೀ ಅತ್ತಿಂದಿತ್ತ ಸುತ್ತುತ್ತದೆ. ಅದಕ್ಕೇ ಮೃಗಾಲಯಗಳಲ್ಲಿ ಹಣ್ಣನ್ನು ಮರದ ದಿಮ್ಮಿಯ ತೂತಿನಲ್ಲೋ ಮಂಜುಗಡ್ಡೆಯಲ್ಲೋ ಬಚ್ಚಿಡುತ್ತಾರೆ. ಹುಲಿಯ ಆವರಣದಲ್ಲಿ ಮಸಾಲೆಯ ವಾಸನೆ ಬಿಡುತ್ತಾರೆ. ಇಂಥ ಆಟಿಕೆಗಳನ್ನು ಮಕ್ಕಳು ಮಾಡಿಕೊಡಲಿ, ಪ್ರಾಣಿ ಪಾಲಕರು ಪರೀಕ್ಷಿಸಿ ಒಳಗಿಡಲಿ, ಮಕ್ಕಳು ದೂರ ನಿಂತು ನೋಡಲಿ. ಇಲ್ಲಿ ಪ್ರಾಣಿಗೆ ನೇರವಾಗಿಯೇ ಲಾಭ.

ಕೊನೆಯದಾಗಿ ಕಬ್ಬಿನ ಗದ್ದೆ. ಬೆಳಗಾವಿ, ಬಾಗಲಕೋಟೆ ಎರಡೂ ಕಬ್ಬಿನ ಜಿಲ್ಲೆಗಳು. ಎತ್ತರದ ಕಬ್ಬು ಹೆಣ್ಣು ಚಿರತೆಗೆ ಮರಿ ಹಾಕಲು ಒಳ್ಳೆಯ ಮರೆ. ಕಟಾವು ಶುರುವಾದಾಗ ಮರಿಗಳು ಸಿಗುತ್ತವೆ. ಅನಾಥ ಅಂದುಕೊಂಡು ಎತ್ತಿಕೊಂಡು ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ. ತಾಯಿ ಅಲ್ಲೇ ಹತ್ತಿರದಲ್ಲಿ ಇರುತ್ತದೆ. ಮರಿ ಕಳೆದುಕೊಂಡ ತಾಯಿ ರೊಚ್ಚಿಗೇಳುತ್ತದೆ, ಜನರಿಗೂ ಅಪಾಯ. ಎತ್ತಿಕೊಂಡು ಬಂದ ಮರಿ ಬಹಳ ಸಲ ಜೀವನಪೂರ್ತಿ ಬೋನಿನಲ್ಲೇ ಉಳಿಯಬೇಕಾಗುತ್ತದೆ. ಹಾಗೆ ಬೋನು ಸೇರುವ ಚಿರತೆ ಒಂದು ಕಡಿಮೆಯಾದರೂ ಅದು ಮೃಗಾಲಯದ ಗೆಲುವು. ಆದ್ದರಿಂದ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುವ ಮುಂಚೆ, ಕಬ್ಬು ಕಡಿಯುವ ಗ್ಯಾಂಗ್‌ಗಳ ಜೊತೆ ಅರ್ಧ ಗಂಟೆ ಕೂತು ಮಾತಾಡಬೇಕು. ಕನ್ನಡದಲ್ಲೂ ಮರಾಠಿಯಲ್ಲೂ. ಮರಿ ಕಂಡರೆ ಮುಟ್ಟಬೇಡಿ, ಆ ಜಾಗದ ಕಟಾವು ನಿಲ್ಲಿಸಿ, ದೂರ ಸರಿಯಿರಿ, ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ. ಸಂಜೆ ಕತ್ತಲಾದ ಮೇಲೆ ಅದೇ ಜಾಗಕ್ಕೆ ತಾಯಿ ಬಂದು ಮರಿಯನ್ನು ಕಚ್ಚಿಕೊಂಡು ಹೋಗುವುದೇ ಹೆಚ್ಚು.