ರಿಮ್: ಬ್ಯಾಂಜೊ ದನಿಯನ್ನು ಹಿಡಿದಿಡುವ ಬಳೆ

ಬೆಂಗಳೂರಿನಲ್ಲಿ ಬ್ಯಾಂಜೊ ಅನ್ನುವ ಹೆಸರಿಗೆ ಎರಡು ವಾದ್ಯಗಳಿವೆ. ಬಳೇಪೇಟೆಯ ವಾದ್ಯದಂಗಡಿಯಲ್ಲಿ ಬ್ಯಾಂಜೊ ತೋರಿಸಿ ಅಂದರೆ, ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ ಬುಲ್‌ಬುಲ್ ತರಂಗವನ್ನೂ ನಿಮ್ಮ ಮುಂದಿಡಬಹುದು. ಅದು ಮರದ ಪೆಟ್ಟಿಗೆ. ಅದಕ್ಕೆ ಮುಚ್ಚಿಗೆಯೂ ಇಲ್ಲ, ರಿಮ್ಮೂ ಇಲ್ಲ. ಇಲ್ಲಿ ಹೇಳುತ್ತಿರುವುದು ಅಮೆರಿಕದ ಐದು ತಂತಿಯ ಬ್ಯಾಂಜೊ ಬಗ್ಗೆ: ಉದ್ದನೆಯ ಕತ್ತು, ಗುಂಡನೆಯ ಮುಖ, ಮುಖದ ಮೇಲೆ ಬಿಗಿದ ಮುಚ್ಚಿಗೆ, ಮುಚ್ಚಿಗೆಯ ಮೇಲೆ ನಿಂತು ತಂತಿಗಳನ್ನು ಹೊರುವ ಕುದುರೆ, ಅಂದರೆ ಬ್ರಿಜ್. ಆ ಮುಚ್ಚಿಗೆಯನ್ನು ಹೊತ್ತು ನಿಲ್ಲುವ ದುಂಡು ಚೌಕಟ್ಟಿಗೆ ರಿಮ್ ಎಂದು ಹೆಸರು. ಸಾಮಾನ್ಯವಾಗಿ ಅದು ಮರದ್ದು, ಹೊರ ವ್ಯಾಸ 11 ಇಂಚು. ಮುಚ್ಚಿಗೆ ಬಿಗಿಯುವ ಹುಕ್ಕು, ನಟ್ಟು, ಲೋಹದ ಉಂಗುರ ಎಲ್ಲವೂ ಸೇರಿದ ಇಡೀ ಒಡಲನ್ನು ಪಾಟ್ ಅನ್ನುತ್ತಾರೆ. ಎಲ್ಲವನ್ನೂ ಬಿಚ್ಚಿಟ್ಟ ಮೇಲೆ ಕೈಯಲ್ಲಿ ಉಳಿಯುವ ಬಳೆಯೇ ರಿಮ್.

ಈ ಬಳೆಗೂ ದನಿಗೂ ಇರುವ ನಂಟನ್ನು ತಿಳಿಯಲು ತಮಟೆ ಸಾಕು. ಮರದ ಬಳೆಯ ತಮಟೆಯನ್ನೂ ಕಬ್ಬಿಣದ ಬಳೆಯದನ್ನೂ ಪಕ್ಕಪಕ್ಕದಲ್ಲಿ ಬಡಿದು ಕೇಳಿ. ಮರದ್ದರಲ್ಲಿ ಪೆಟ್ಟು ದಪ್ಪಗೆ ಬಿದ್ದು ಬೇಗ ಆರುತ್ತದೆ. ಕಬ್ಬಿಣದ್ದರಲ್ಲಿ ಚುರುಕಾಗಿ ಎದ್ದು ಇನ್ನೊಂದು ಕ್ಷಣ ಗುಂಯ್‌ಗುಡುತ್ತದೆ. ಬ್ಯಾಂಜೊದಲ್ಲೂ ಹೀಗೆಯೇ. ತಂತಿಯ ಕಂಪನ ಕುದುರೆಯ ಮೂಲಕ ಮುಚ್ಚಿಗೆಗೆ ಇಳಿಯುತ್ತದೆ, ಅಲ್ಲಿಂದ ಅಂಚಿಗೆ ಓಡುತ್ತದೆ. ಅಂಚು ಭಾರವಾಗಿ, ಗಟ್ಟಿಯಾಗಿ ಇದ್ದರೆ ಅಲೆ ಅಲ್ಲಿಗೆ ಬಡಿದು ಹೆಚ್ಚುಕಡಿಮೆ ಪೂರ್ತಿಯಾಗಿ ಮುಚ್ಚಿಗೆಗೇ ಮರಳುತ್ತದೆ. ದನಿ ಹೊಳೆಯುತ್ತದೆ, ಬಾಳುತ್ತದೆ. ಅಂಚು ಹಗುರಾಗಿ, ಮೆತ್ತಗೆ ಇದ್ದರೆ ಬಂದ ಅಲೆಯಲ್ಲಿ ಒಂದಷ್ಟನ್ನು ರಿಮ್ಮೇ ಕುಡಿದುಬಿಡುತ್ತದೆ. ದನಿ ಬೆಚ್ಚಗೆ, ಮೊಟಕಾಗಿ, ಮರದ ದನಿಯಾಗಿ ಕೇಳುತ್ತದೆ. ಹಾಗಾಗಿ ಒಂದು ರಿಮ್ಮನ್ನು ನೋಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಮುಚ್ಚಿಗೆಯ ಕಸುವಿನಲ್ಲಿ ಇದು ಎಷ್ಟನ್ನು ಹಿಂದಿರುಗಿಸುತ್ತದೆ, ಎಷ್ಟನ್ನು ಇಟ್ಟುಕೊಳ್ಳುತ್ತದೆ, ಅದರಲ್ಲೂ ಯಾವ ಸ್ತರದ ಕಂಪನವನ್ನು?

ಬ್ಯಾಂಜೊದ ಪೂರ್ವಜರಿಗೆ ರಿಮ್ ಇರಲಿಲ್ಲ. ಪಶ್ಚಿಮ ಆಫ್ರಿಕದ ಅಕಾಂಟಿಂಗ್‌ನಂಥ ವಾದ್ಯಗಳಲ್ಲಿ ಸೋರೆಬುರುಡೆಯ ಮೇಲೆ ಚರ್ಮ ಬಿಗಿದಿರುತ್ತದೆ. ಬುರುಡೆಯ ಜಾಗಕ್ಕೆ ಬಾಗಿಸಿದ ಮರದ ಬಳೆ ಬಂದದ್ದು ಅಮೆರಿಕದಲ್ಲಿ. 1840ರ ದಶಕದಲ್ಲಿ ಬಾಲ್ಟಿಮೋರಿನ ವಿಲಿಯಂ ಬೌಚರ್ ತಯಾರಿಸಿದ ಬ್ಯಾಂಜೊಗಳಲ್ಲಿ ತೆಳು ಮರದ ರಿಮ್ಮನ್ನೂ ಚರ್ಮ ಬಿಗಿಯುವ ಲೋಹದ ಕೊಕ್ಕೆಗಳನ್ನೂ ಕಾಣಬಹುದು. ಆತ ಡ್ರಮ್ ಮಾಡುತ್ತಿದ್ದವನು. ಡ್ರಮ್ಮಿನ ಕಸುಬು ಹಾಗೆಯೇ ಬ್ಯಾಂಜೊಗೆ ಇಳಿಯಿತು. ಅಂದಿನಿಂದ ಇಂದಿನವರೆಗೆ ಮರವನ್ನು ದುಂಡಗೆ ಮಾಡುವ ದಾರಿಗಳು ಮುಖ್ಯವಾಗಿ ಎರಡು: ಬಾಗಿಸುವುದು ಅಥವಾ ತುಂಡುಗಳನ್ನು ಜೋಡಿಸುವುದು.

ಬಾಗಿಸುವ ದಾರಿಯಲ್ಲಿ ಇಂದು ಎಲ್ಲರೂ ಮಾದರಿ ಎಂದು ಒಪ್ಪುವುದು ಮೂರು ಪದರದ ಮೇಪಲ್ ರಿಮ್. ಸುಮಾರು ಕಾಲು ಇಂಚು ದಪ್ಪದ ಮೂರು ಪಟ್ಟಿಗಳನ್ನು ಹಬೆಯಲ್ಲಿ ಅಥವಾ ಕುದಿನೀರಿನಲ್ಲಿ ಮೆದುಗೊಳಿಸಿ, ಅಚ್ಚಿಗೆ ಸುತ್ತಿ ಒಣಗಿಸಿ, ಒಂದರೊಳಗೊಂದು ಕೂರಿಸಿ ಅಂಟಿಸುತ್ತಾರೆ. ಒಟ್ಟು ದಪ್ಪ ಮುಕ್ಕಾಲು ಇಂಚು. 11 ಇಂಚಿನ ರಿಮ್ಮಿಗೆ ಹೊರಗಿನ ಪಟ್ಟಿಯ ಸುತ್ತಳತೆ ಸುಮಾರು 34.5 ಇಂಚು, ನಡುವಿನದು 33, ಒಳಗಿನದು 31.4. ತುದಿಗಳನ್ನು ನೇರವಾಗಿ ಎದುರುಬದುರು ಇಟ್ಟು ಅಂಟಿಸಿದರೆ ನಿಲ್ಲುವುದಿಲ್ಲ. ಅದಕ್ಕೇ ಎರಡೂ ತುದಿಗಳನ್ನು ಓರೆಯಾಗಿ ಕೆತ್ತಿ ಒಂದರ ಮೇಲೊಂದು ಮಲಗಿಸುತ್ತಾರೆ. ಸುತ್ತಳತೆಯ ಜೊತೆಗೆ ಈ ಓರೆಯ ಉದ್ದಕ್ಕೂ ಮರ ಬಿಟ್ಟುಕೊಳ್ಳಬೇಕು. ಮೂರು ಪದರದ ಮೂರು ಕೂಡುಗಳೂ ಒಂದೇ ಕಡೆ ಬರಬಾರದು, ಬಂದರೆ ರಿಮ್ ಅಲ್ಲೇ ಸೊರಗುತ್ತದೆ. ಕೊನೆಗೆ ಲೇತಿಗೆ ಕೊಟ್ಟು ಅಳತೆಗೆ ತರುತ್ತಾರೆ.

ಹೀಗೆ ಮಾಡಿದ ರಿಮ್ಮಿನಲ್ಲಿ ಮರದ ನಾರು ಸುತ್ತಲೂ ಕಡಿಯದೆ ಓಡುತ್ತದೆ. ನಾರಿನ ಉದ್ದಕ್ಕೆ ಮರ ಅತ್ಯಂತ ಗಟ್ಟಿ. ಆ ಗಟ್ಟಿತನವೆಲ್ಲ ಬಳೆಯ ಸುತ್ತಿಗೇ ಸಿಗುತ್ತದೆ. ಬರಿಯ ರಿಮ್ಮನ್ನು ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿದರೆ ಒಂದು ಸ್ಪಷ್ಟ ಸ್ವರ ಹೊರಡಬೇಕು. ಆ ಸ್ವರ ಏಳದೆ ಲೊಟ್ ಅಂದರೆ ಎಲ್ಲೋ ಅಂಟು ಬಿಟ್ಟಿದೆ, ಇಲ್ಲವೇ ಪದರಗಳ ನಡುವೆ ಟೊಳ್ಳಿದೆ.

ಆ ಟೊಳ್ಳು ಹೆಚ್ಚಾಗಿ ಸಿಗುವುದು ಅಗ್ಗದ ಬಹುಪದರದ ರಿಮ್ಮಿನಲ್ಲಿ. ತೆಳು ಹಾಳೆಗಳನ್ನು ಹತ್ತಾರು ಪದರ ಸುತ್ತಿ ಅಂಟಿಸುವುದು ಕೆಟ್ಟ ವಿಧಾನವೇನಲ್ಲ. ಒಳ್ಳೆಯ ಮೇಪಲ್ ಹಾಳೆ, ಪೂರ್ತಿ ಒತ್ತಡ, ತೆಳುವಾದ ಅಂಟಿನ ಪದರ ಇದ್ದರೆ ಅದೂ ಚೆನ್ನಾಗಿಯೇ ನುಡಿಯುತ್ತದೆ, ಆಕಾರವೂ ಕೆಡುವುದಿಲ್ಲ. ಆದರೆ ಹೊರಗೆ ಮಾತ್ರ ಚೆಂದದ ಹಾಳೆ ಹಾಕಿ, ಒಳಗೆ ಮೆದು ಮರ ತುಂಬಿದರೆ ಪ್ಲೈವುಡ್ ಹಲಗೆಯನ್ನು ತಟ್ಟಿದಂತೆ ಕೇಳುತ್ತದೆ. ಕತ್ತು ಸೇರುವ ಜಾಗದಲ್ಲಿ ಕೊರೆದ ತೂತಿನ ಬಾಯಿಗೆ ಟಾರ್ಚ್ ಹಿಡಿದು ನೋಡಿ. ಪದರಗಳ ಬಣ್ಣ, ನಡುವಿನ ಸಂದು, ಎಲ್ಲವೂ ಅಲ್ಲಿ ಬಯಲಾಗುತ್ತದೆ.

ಜೋಡಿಸುವ ದಾರಿಯಲ್ಲಿ ಹಬೆಯ ಗೊಡವೆ ಇಲ್ಲ. ಗೋಡೆಗೆ ಇಟ್ಟಿಗೆ ಕಟ್ಟುವ ಹಾಗೆ ಮರದ ತುಂಡುಗಳನ್ನು ಉಂಗುರವಾಗಿ ಕೂಡಿಸಿ, ಒಂದರ ಮೇಲೊಂದು ಮೂರು ಸಾಲು ಕಟ್ಟುತ್ತಾರೆ. ಮೇಲಿನ ಸಾಲಿನ ಕೂಡು ಕೆಳಗಿನ ತುಂಡಿನ ನಡುವಿಗೆ ಬರಬೇಕು. ಇದಕ್ಕೆ ಬ್ಲಾಕ್ ರಿಮ್ ಅನ್ನುತ್ತಾರೆ. ಮೇಪಲ್ ಇಲ್ಲಿ ಬೆಳೆಯುವ ಮರವಲ್ಲ, ಹಬೆಯ ಪೆಟ್ಟಿಗೆಯೂ ಎಲ್ಲರಲ್ಲಿ ಇರುವುದಿಲ್ಲ. ಬೆಂಗಳೂರಿನಲ್ಲಿ ಕುಳಿತು ರಿಮ್ ಮಾಡಬೇಕೆನ್ನುವವರಿಗೆ ನಾವು ಸೂಚಿಸುವುದು ಇದೇ ದಾರಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಸಿಗುವ ಚೆನ್ನಾಗಿ ಒಣಗಿದ ತೇಗವೋ ಹಲಸೋ ಸಾಕು. ಸಾಲಿಗೆ 12 ತುಂಡು ಇಟ್ಟುಕೊಂಡರೆ ಪ್ರತಿ ತುಂಡಿನ ಎರಡೂ ತುದಿಗೆ 15 ಡಿಗ್ರಿ ಓರೆ. ಲೇತಿನಲ್ಲಿ ಸವೆಯುವುದನ್ನೂ ಸೇರಿಸಿ ಹೊರಬದಿಯ ಉದ್ದ 3 ಇಂಚು, ಅಗಲ ಒಂದೂಕಾಲು ಇಂಚು, ದಪ್ಪ ಒಂದು ಇಂಚು ಇರಲಿ. ಓರೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ 24 ಕೊಯ್ತಕ್ಕೆ ಅದು 12 ಡಿಗ್ರಿಯಾಗಿ ಕೊನೆಯ ಕೂಡಿನಲ್ಲಿ ಬಾಯ್ದೆರೆಯುತ್ತದೆ. ಆ ಬಾಯಿಗೆ ಮರದ ಪುಡಿ, ಅಂಟು ತುಂಬಿ ಮುಚ್ಚಬಾರದು. ನೋಡಲು ಮುಚ್ಚಿರುತ್ತದೆ, ಕಂಪನ ಮಾತ್ರ ಅಲ್ಲಿ ಸಾಯುತ್ತದೆ. ಇನ್ನೊಂದು ತೊಡಕು ತುಂಡಿನ ಕೊಯ್ದ ತುದಿಯದು. ನಾರಿನ ಬಾಯಿ ತೆರೆದಿರುವುದರಿಂದ ಅದು ಅಂಟನ್ನು ಹೀರಿಬಿಡುತ್ತದೆ, ಕೂಡು ಒಣಕಲಾಗುತ್ತದೆ. ಮೊದಲು ತೆಳುವಾಗಿ ಒಮ್ಮೆ ಅಂಟು ಸವರಿ, ಕೆಲವು ನಿಮಿಷ ಬಿಟ್ಟು, ಮತ್ತೊಮ್ಮೆ ಸವರಿ ಬಿಗಿಯಬೇಕು.

ಬ್ಲಾಕ್ ರಿಮ್ಮಿನಲ್ಲಿ ಬಾಗಿಸಿದ ಒತ್ತಡ ಇರುವುದಿಲ್ಲ, ನಾರು ಮಾತ್ರ ಪ್ರತಿ ಮೂರು ಇಂಚಿಗೊಮ್ಮೆ ಕಡಿಯುತ್ತದೆ. ಅದರ ದನಿ ಸ್ವಲ್ಪ ಒಣಗಿದ್ದು, ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ಹಲವರ ಅನುಭವ. ಮೂರು ಪದರದ್ದು ಹೆಚ್ಚು ತುಂಬಿ ಬರುತ್ತದೆ. ನಮ್ಮ ಮಟ್ಟಿಗೆ ಈ ಎರಡರ ನಡುವಿನ ಅಂತರಕ್ಕಿಂತ ಒಳ್ಳೆಯ ಅಂಟಿಗೂ ಕೆಟ್ಟ ಅಂಟಿಗೂ ಇರುವ ಅಂತರ ದೊಡ್ಡದು.

ಅಲ್ಯೂಮಿನಿಯಂ ರಿಮ್ಮಿನ ಮಾತು ಬೇರೆ. ರಿಮ್ಮು, ಹುಕ್ಕು ಹಿಡಿಯುವ ಅಂಚು ಎರಡನ್ನೂ ಒಟ್ಟಿಗೆ ಎರಕ ಹೊಯ್ದದ್ದು. ಕಲಿಯುವವರ ವಾದ್ಯಗಳಲ್ಲಿ ಸಾಮಾನ್ಯ. ದನಿ ಜೋರು, ಚೂಪು. ಕೆಳಗಿನ ಸ್ವರಗಳಿಗೆ ಮೈ ಕಡಿಮೆ. ಆದರೆ ಮಳೆಗಾಲ, ಬೇಸಿಗೆ ಎರಡಕ್ಕೂ ಜಗ್ಗದು.

ಮರದ ರಿಮ್ಮಿನ ನೆತ್ತಿಯ ಮೇಲೆ ಕೂರುವ ಲೋಹದ ಉಂಗುರ ಟೋನ್ ರಿಂಗ್. ದನಿಯನ್ನು ಅತಿ ಹೆಚ್ಚು ಬದಲಿಸುವ ಭಾಗವೂ ಇದೇ. ಏನೂ ಇಲ್ಲದೆ ಮರದ ಅಂಚಿನ ಮೇಲೇ ಮುಚ್ಚಿಗೆ ಕೂತರೆ ದನಿ ಅತ್ಯಂತ ಬೆಚ್ಚಗೆ. ಕಾಲು ಇಂಚಿನ ಹಿತ್ತಾಳೆ ಸರಳನ್ನು ದುಂಡಗೆ ಬಾಗಿಸಿ ಕೂರಿಸಿದರೆ ಅದೇ ದನಿಗೆ ಒಂದು ಸ್ಪಷ್ಟ ಗೆರೆ ಬರುತ್ತದೆ. ಬಾಸ್ಟನ್ನಿನಲ್ಲಿ 1901ರಲ್ಲಿ ಬಂದ ವೈಟ್ ಲೇಡಿ, 1909ರ ಟ್ಯೂಬಫೋನ್ ಮಾದರಿಗಳಲ್ಲಿ ರಿಂಗ್ ಟೊಳ್ಳಾಗಿ, ಕಮಾನುಗಳಾಗಿ ಬೆಳೆಯಿತು. ಹಿಂಬದಿ ತೆರೆದ ಬ್ಯಾಂಜೊ ನುಡಿಸುವವರು ಇಂದಿಗೂ ಆ ಮಿನುಗನ್ನು ಹುಡುಕುತ್ತಾರೆ. ಗಿಬ್ಸನ್ ಕಂಪನಿ 1920ರ ದಶಕದಲ್ಲಿ ಮಾಸ್ಟರ್‌ಟೋನ್ ಹೆಸರಿನಲ್ಲಿ ಭಾರದ ರಿಂಗುಗಳತ್ತ ಹೊರಳಿತು. ಇಂದು ಬ್ಲೂಗ್ರಾಸ್ ಎಂಬ ಅಮೆರಿಕದ ಸಂಗೀತ ಶೈಲಿಯ ಬ್ಯಾಂಜೊದಲ್ಲಿರುವ ಫ್ಲಾಟ್‌ಹೆಡ್ ರಿಂಗ್ ಗಂಟೆ ಎರಕದ ಕಂಚು, ಅಂದರೆ ಸುಮಾರು 80 ಪಾಲು ತಾಮ್ರಕ್ಕೆ 20 ಪಾಲು ತವರ. ತೂಕ ಸುಮಾರು 1.3 ಕಿಲೊ. ಅದರಡಿಯ ಮೇಪಲ್ ರಿಮ್ಮನ್ನು ತೂಗಿದರೆ ಹೆಚ್ಚೆಂದರೆ 600-700 ಗ್ರಾಂ. ಮರಕ್ಕಿಂತ ಲೋಹವೇ ಭಾರ. ಆ ಶೈಲಿಯ ಹೆಸರಾಂತ ವಾದಕ ಅರ್ಲ್ ಸ್ಕ್ರಗ್ಸ್ ಅವರ ಗಿಬ್ಸನ್ ಗ್ರನಡಾ ಬ್ಯಾಂಜೊದಲ್ಲಿದ್ದುದೂ ಫ್ಲಾಟ್‌ಹೆಡ್ಡೇ. ಮೂರು ಬೆರಳಿನಲ್ಲಿ ಎಷ್ಟೇ ವೇಗವಾಗಿ ನುಡಿಸಿದರೂ ಒಂದು ಸ್ವರ ಇನ್ನೊಂದನ್ನು ನುಂಗದ ಆ ದನಿಯಲ್ಲಿ ಈ ಭಾರದ ಪಾಲು ದೊಡ್ಡದು. ಆರ್ಚ್‌ಟಾಪ್ ಎಂಬ ಇನ್ನೊಂದು ಬಗೆಯ ರಿಂಗಿನ ಮೇಲ್ಮೈ ಒಳಗಡೆ ಉಬ್ಬಿರುತ್ತದೆ. ಮುಚ್ಚಿಗೆ ಆ ಉಬ್ಬಿನ ಮೇಲೆ ಕೂರುವುದರಿಂದ ಕಂಪಿಸುವ ಭಾಗ ಸುಮಾರು ಒಂಬತ್ತೂವರೆ ಇಂಚಿಗೆ ಇಳಿಯುತ್ತದೆ, ದನಿ ಚುರುಕಾಗಿ ಏರುತ್ತದೆ.

ವ್ಯಾಸದ ಲೆಕ್ಕ ಸರಳ. ಬಿಗಿ ಒಂದೇ ಇದ್ದರೆ ಮುಚ್ಚಿಗೆಯ ಶ್ರುತಿ ವ್ಯಾಸಕ್ಕೆ ವಿಲೋಮ. 11ರಿಂದ 12 ಇಂಚಿಗೆ ಹೋದರೆ ಮುಚ್ಚಿಗೆಯ ಸ್ವಂತ ಸ್ವರ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ. ಹಳೆಯ ಶೈಲಿಯವರಿಗೆ 12 ಇಂಚು ಪ್ರಿಯವಾಗಿರುವುದು ಇದಕ್ಕೇ. ಆಳದ ವಿಷಯ ಒಳಗಿನ ಗಾಳಿಗೆ ಸೇರಿದ್ದು. ರಿಮ್ ಆಳವಾದಷ್ಟೂ ಒಳಗಿನ ಗಾಳಿಯ ಅನುರಣನ ಕೆಳಗಿಳಿದು ತಗ್ಗಿನ ಸ್ವರಗಳಿಗೆ ಆಸರೆಯಾಗುತ್ತದೆ. 2004ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಡೇವಿಡ್ ಪೊಲಿಟ್ಜರ್ ಬ್ಯಾಂಜೊ ರಿಮ್ಮಿನ ಎತ್ತರವನ್ನೇ ಹಿಡಿದು ಅಧ್ಯಯನ ಮಾಡಿದ್ದಾರೆ. ವಾದ್ಯವನ್ನು ಹೊಟ್ಟೆಗೆ ಆನಿಸಿಕೊಂಡಾಗ, ದೂರ ಹಿಡಿದಾಗ ದನಿ ಬದಲಾಗುವುದನ್ನು ಕೇಳಿದರೆ ಈ ಗಾಳಿಯ ಪಾತ್ರ ಗೊತ್ತಾಗುತ್ತದೆ: ಹಿಂಬದಿಯ ಬಾಯಿ ಎಷ್ಟು ತೆರೆದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮರದ ಜಾತಿಯ ಬಗ್ಗೆ ಜನ ಹೆಚ್ಚು ಮಾತಾಡುತ್ತಾರೆ, ಭಾರದ ರಿಂಗ್ ಇರುವಲ್ಲಿ ಅದರ ಪರಿಣಾಮ ಕಡಿಮೆ. ರಿಂಗ್ ಇಲ್ಲದ ರಿಮ್ಮಿನಲ್ಲಿ ಮಾತ್ರ ವ್ಯತ್ಯಾಸ ಚೆನ್ನಾಗಿ ಕೇಳಿಸುತ್ತದೆ: ಗಟ್ಟಿ ಮೇಪಲ್ ನೇರ, ಮಹಾಗನಿ ಮೆದು, ವಾಲ್ನಟ್ ನಡುವೆ.

ಇನ್ನು ನಮ್ಮ ಊರಿನ ಹವೆ. ಮಾರ್ಚಿನ ಒಣ ಗಾಳಿಯಿಂದ ಆಗಸ್ಟಿನ ತೇವಕ್ಕೆ ಬರುವಾಗ ಮರ ಊದುತ್ತದೆ. ನಾರಿನ ಉದ್ದಕ್ಕೆ ಅದು ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಬೆಳೆಯುವುದು ದಪ್ಪಕ್ಕೆ. ಮುಕ್ಕಾಲು ಇಂಚಿನ ರಿಮ್ 0.2 ಮಿ.ಮೀ.ನಷ್ಟು ದಪ್ಪವಾದರೂ ಸಾಕು, ಬೇಸಿಗೆಯಲ್ಲಿ ಕೈಯಿಂದಲೇ ಕಳಚುತ್ತಿದ್ದ ಟೋನ್ ರಿಂಗ್ ಕಚ್ಚಿ ಕೂರುತ್ತದೆ. ರಿಂಗ್ ಕೈಯ ಒತ್ತಡಕ್ಕೆ ಜಾರಿ ಇಳಿಯಬೇಕು, ಹಾಗಂತ ಅಲ್ಲಾಡಬಾರದು. ಬಿಗಿಯಾದರೆ ದನಿ ಗಂಟಲು ಹಿಡಿದ ಹಾಗೆ; ಸಡಿಲವಾದರೆ ಕೆಲವೇ ಸ್ವರಗಳಲ್ಲಿ ಜಿರ್ ಅನ್ನುವ ಸದ್ದು. ಬಿಗಿಯಾದ ರಿಂಗಿಗಾಗಿ ಮಳೆಗಾಲದಲ್ಲೇ ಮರ ಉಜ್ಜಿದರೆ ಬೇಸಿಗೆಯಲ್ಲಿ ಅದು ಸಡಿಲ. ಆದ್ದರಿಂದ ಬಿಸಿಲು ಬರುವ ತನಕ ಕಾಯಿರಿ. ಆಗಲೂ ಬಿಗಿಯೇ ಇದ್ದರೆ, ಹೊಳೆಯುವ ಗುರುತು ಬಿದ್ದ ಜಾಗವನ್ನಷ್ಟೇ 320 ನಂಬರಿನ ಉಪ್ಪುಕಾಗದದಿಂದ ತೀಡಿ.

ರಿಮ್ಮನ್ನು ಕೆಡಿಸುವ ಇನ್ನೊಂದು ಅಭ್ಯಾಸ ಒಳಗಿನ ಕಂಬಿಗಳದು. ಕತ್ತನ್ನು ಹಿಡಿದಿಡುವ ಆ ಎರಡು ಕಂಬಿಗಳಲ್ಲಿ ಕೆಳಗಿನದನ್ನು ತಿರುಗಿಸಿದರೆ ತಂತಿಯ ಎತ್ತರ ಬದಲಾಗುತ್ತದೆ, ನಿಜ. ಆದರೆ ಅದು ಬದಲಾಗುವುದು ರಿಮ್ ಅಂಡಾಕಾರವಾಗುವುದರಿಂದ. ಅಂಡಾಕಾರವಾದರೆ ಮುಚ್ಚಿಗೆಯ ಬಿಗಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ರಿಂಗ್ ಎರಡು ಕಡೆ ಕಚ್ಚಿ ಎರಡು ಕಡೆ ಬಿಡುತ್ತದೆ. ಎತ್ತರಕ್ಕೆ ಕುದುರೆಯನ್ನು ಬದಲಿಸಿ, ಇಲ್ಲವೇ ಕತ್ತಿನ ಕೂಡನ್ನು ಸರಿಪಡಿಸಿ.

ಹಳೆಯ ಬ್ಯಾಂಜೊ ಕೊಳ್ಳುವಾಗ ಒಳ ವ್ಯಾಸವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ; ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಕಂಬಿಗಳನ್ನು ಸಡಿಲಿಸಿ ಮತ್ತೆ ಅಳೆಯಿರಿ. ಮುಚ್ಚಿಗೆ ಬಿಚ್ಚಲು ಬಿಟ್ಟರೆ ರಿಮ್ಮಿನ ನೆತ್ತಿಯನ್ನು ದಪ್ಪ ಗಾಜಿನ ಮೇಲೆ ಬೋರಲಿಟ್ಟು ಸಂದಿಗೆ ಕಾಗದ ತೂರಿಸಿ ನೋಡಿ, ಎಲ್ಲೂ ನುಗ್ಗಬಾರದು. ಇಷ್ಟು ಸರಿ ಇದ್ದೂ ದನಿ ಮಂಕಾಗಿದ್ದರೆ ರಿಮ್ಮಿಗೆ ಕೈ ಹಾಕಬೇಡಿ, ದುಬಾರಿ ರಿಂಗ್ ತರಿಸುವ ಆತುರವೂ ಬೇಡ. 24 ಹುಕ್ಕುಗಳ ನಟ್ಟನ್ನು ಎದುರುಬದುರಾಗಿ ಎಂಟನೇ ಒಂದು ಸುತ್ತಿನಂತೆ ಬಿಗಿಯುತ್ತ ಬಂದು, ತಂತಿಗಳನ್ನು ಕೈಯಿಂದ ಮುಚ್ಚಿ, ಕುದುರೆಯ ಬಳಿ ಮುಚ್ಚಿಗೆಯನ್ನು ಬೆರಳಿನಿಂದ ತಟ್ಟಿ. 11 ಇಂಚಿನ ಪ್ಲಾಸ್ಟಿಕ್ ಮುಚ್ಚಿಗೆಯಾದರೆ ಪಾಶ್ಚಾತ್ಯ ಹೆಸರಿನ ಜಿ ಮತ್ತು ಎ ಸ್ವರಗಳ ನಡುವಿನ ಜಿ ಶಾರ್ಪ್ ಸುತ್ತಮುತ್ತ ಕೇಳಬೇಕು. ಅಲ್ಲಿಗೆ ತಂದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ತಟ್ಟಿ ನೋಡಿ. ಹೊಸ ಮುಚ್ಚಿಗೆ ಅಷ್ಟರಲ್ಲಿ ತುಸು ಸಡಿಲಿಸಿರುತ್ತದೆ.