ಐರಿಶ್ ಕ್ರಮವಾಚಕ: ತಪ್ಪುವುದು ಮುಂದಿನ ಪದದಲ್ಲಿ

ಐರ್ಲೆಂಡಿನ ಶಾಲೆಗಳಲ್ಲಿ ಐರಿಶ್ ಕಡ್ಡಾಯ ವಿಷಯ. ಅಲ್ಲಿ ನೆಲೆಸಿದ ಕನ್ನಡಿಗ ಪೋಷಕರು, ಐರಿಶ್ ಕಲಿಸುವ ನನ್ನನ್ನು ಆಗಾಗ ಕೇಳುತ್ತಾರೆ: "ಮೊದಲನೆಯ, ಎರಡನೆಯ ಎಲ್ಲ ಮಗುವಿಗೆ ಬಾಯಿಪಾಠ ಬರುತ್ತೆ ಮೇಡಂ, ಬರೆದಾಗ ಮಾತ್ರ ತಪ್ಪುತ್ತೆ. ಯಾಕೆ?"

ಕ್ರಮವಾಚಕ ಸರಿಯಾಗಿಯೇ ಇರುತ್ತದೆ. ಕೆಡುವುದು ಅದರ ಮುಂದೆ ಬರುವ ನಾಮಪದ.

ಬಾಯಿಪಾಠದ ಭಾಗ ಸುಲಭ. ನಾವು 'ನೆಯ' ಸೇರಿಸುವಂತೆ ಅವರು ಕೊನೆಗೆ 'ಊ' ಸೇರಿಸುತ್ತಾರೆ: ಟ್ರೀ ಎಂದರೆ ಮೂರು, ಟ್ರೀಊ ಎಂದರೆ ಮೂರನೆಯ. ಮೊದಲ ಎರಡಕ್ಕೆ ಮಾತ್ರ ಬೇರೆ ಪದಗಳು, 'ಅನ್ ಹೇದ್' ಮತ್ತು 'ಅನ್ ದರ'. ನಾಮಪದ ಯಾವಾಗಲೂ ಏಕವಚನ.

ತೊಡಕೆಲ್ಲ 'ಅನ್ ಹೇದ್' ತರುವುದು. ಇದು ಮುಂದಿನ ಪದದ ಮೊದಲ ವ್ಯಂಜನವನ್ನು ಮೆದುಗೊಳಿಸುತ್ತದೆ. ಐರಿಶ್‌ನಲ್ಲಿ ಇದಕ್ಕೆ ಶೇವ್ಯೂ ಎನ್ನುತ್ತಾರೆ. ವರ್ಷಕ್ಕೆ ಬ್ಲೀಅನ್, ಮೊದಲ ವರ್ಷ 'ಅನ್ ಹೇದ್ ವ್ಲೀಅನ್'. ಗಂಡಸಿಗೆ ಫ್ಯಾರ್, ಮೊದಲ ಗಂಡಸು 'ಅನ್ ಹೇದ್ ಆರ್', ಫಕಾರವೇ ಮಾಯ. ಆದರೆ ಡ, ಟ, ಸ ಸದ್ದುಗಳಿಂದ ಶುರುವಾಗುವ ಪದಗಳು ಬದಲಾಗುವುದಿಲ್ಲ. ಹೇದ್ ಮುಗಿಯುವುದೂ ಹಲ್ಲಿನ ಬಳಿಯ ಸದ್ದಿನಲ್ಲೇ. ನಾಲಗೆ ಅದೇ ಜಾಗದಲ್ಲಿ ಉಳಿಯುತ್ತದೆ.

'ದರ'ದಿಂದ ಮುಂದಿನವು ವ್ಯಂಜನವನ್ನು ಮುಟ್ಟುವುದಿಲ್ಲ. ಎರಡನೆಯ ವರ್ಷ 'ಅನ್ ದರ ಬ್ಲೀಅನ್' ಅಷ್ಟೆ. ಮುಂದಿನ ಪದ ಸ್ವರದಿಂದ ಶುರುವಾದರೆ ಮಾತ್ರ ಹಕಾರ ಸೇರುತ್ತದೆ: ರಾತ್ರಿ 'ಈಹ', ಮೂರನೆಯ ರಾತ್ರಿ 'ಅನ್ ಟ್ರೀಊ ಹೀಹ'. ಅನ್ ಹೇದ್ ಬಂದಾಗ ಈ ಹಕಾರ ಇಲ್ಲ. ಮಕ್ಕಳು ಎರಡು ನಿಯಮಗಳನ್ನು ಬೆರೆಸುವುದು ಇಲ್ಲೇ.

ಇನ್ನೊಂದು ಸಂಗತಿಗೆ ಕಿವಿಗೊಡಬೇಕು. ಹೇದ್‌ನ ಮೂಲ ರೂಪ ಕೇದ್, 'ಅನ್' ಮುಂದೆ ಬಂದಾಗ ಅದೇ ಮೆದುವಾಗಿ ಹೇದ್ ಆಗುತ್ತದೆ. ನೂರಕ್ಕೂ ಕೇದ್ ಎಂದೇ ಹೆಸರು. 'ಕೇದ್ ಬ್ಲೀಅನ್' ಎಂದರೆ ನೂರು ವರ್ಷ, 'ಅನ್ ಹೇದ್ ವ್ಲೀಅನ್' ಎಂದರೆ ಮೊದಲ ವರ್ಷ. ಮೆದು ಸದ್ದನ್ನು ಬಿಟ್ಟರೆ ಅರ್ಥವೇ ಹೋಗುತ್ತದೆ, ಆದ್ದರಿಂದ ಇದನ್ನು ಸಣ್ಣ ತಪ್ಪು ಎಂದು ನಾನು ಬಿಡುವುದಿಲ್ಲ. ಅದೇ ಅನ್ ಹೇದ್ ಜೊತೆಗೆ ಕೊನೆಯಲ್ಲಿ 'ಎಲೆ' ಬಂದರೆ 'ಮುಂದಿನ' ಎಂದಾಗುತ್ತದೆ: 'ಅನ್ ಹೇದ್ ವುಸ್ ಎಲೆ', ಮುಂದಿನ ಬಸ್ಸು.

ಹತ್ತು ದಾಟಿದರೆ ನಾಮಪದ ನಡುವೆ ಕೂರುತ್ತದೆ. ಸೇಂಟ್ ಪ್ಯಾಟ್ರಿಕ್ ದಿನವಾದ ಮಾರ್ಚ್ 17 'ಅನ್ ಶಖ್ತೂ ಲಾ ಡೇಗ್': ಏಳನೆಯ, ದಿನ, ಹತ್ತರ ಗುರುತು, ಈ ಸಾಲಿನಲ್ಲಿ. ಹನ್ನೊಂದನೆಯದಕ್ಕೆ ಹೇದ್ ಬರುವುದಿಲ್ಲ, ಒಂದರಿಂದಲೇ ಹುಟ್ಟಿದ 'ಏನೂ' ಬರುತ್ತದೆ. ನಾವು 'ಮೊದಲನೆಯ' ಎಂದರೂ 'ಹನ್ನೊಂದನೆಯ' ಎನ್ನುತ್ತೇವಲ್ಲ, ಹಾಗೆ.

ಜನರನ್ನು ಎಣಿಸಲು ನಮ್ಮ 'ಮೂವರು' ಇದ್ದಂತೆ ಅವರಲ್ಲಿ 'ಟ್ರೂರ್' ಇದೆ. ಕ್ರಮವಾಚಕದಲ್ಲಿ ಆ ಭೇದವಿಲ್ಲ, ಮೂರನೆಯ ಹೆಂಗಸೂ ಮೂರನೆಯ ರಾತ್ರಿಯೂ ಒಂದೇ ಟ್ರೀಊ.

ಪೋಷಕರಿಗೆ ನಾನು ಕೊಡುವ ಅಭ್ಯಾಸ ಇಷ್ಟು: ವರ್ಷ, ಹೆಂಗಸು, ಮನೆ, ರಾತ್ರಿ, ಈ ನಾಲ್ಕು ಪದಗಳನ್ನು ಒಮ್ಮೆ ಅನ್ ಹೇದ್ ಜೊತೆ, ಒಮ್ಮೆ ಅನ್ ದರ ಜೊತೆ ಮಗುವಿನಿಂದ ಜೋರಾಗಿ ಹೇಳಿಸಿ, ಆಮೇಲೆ ಬರೆಸಿ.