ಸುಮ್ಮನಿದ್ದಾಗ ಹಲ್ಲಿಗೆ ಹಲ್ಲು ತಾಗಬಾರದು

ಕೆಂಗೇರಿ ಕಡೆಯ ಕ್ಯಾಬ್ ಡ್ರೈವರ್ ಒಬ್ಬರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಎರಡು ತಿಂಗಳಿಂದ ಬಲಗಿವಿ ನೋವು. ಕಿವಿ ಡಾಕ್ಟರು ನೋಡಿ, ಕಿವಿಯಲ್ಲಿ ಏನೂ ಇಲ್ಲ, ಒಮ್ಮೆ ಹಲ್ಲಿನವರಿಗೆ ತೋರಿಸಿ ಅಂದಿದ್ದರಂತೆ. "ಹಲ್ಲು ನೋಯ್ತಾ ಇಲ್ಲ ಮೇಡಂ, ಕಿವಿ ನೋಯ್ತಿರೋದು" ಎಂದು ಕುರ್ಚಿಯಲ್ಲಿ ಕೂತ ಮೇಲೂ ಎರಡು ಸಲ ಹೇಳಿದರು.

ಅವರ ಕೆನ್ನೆಯ ಮೇಲೆ ಬೆರಳಿಟ್ಟು, ಹಲ್ಲು ಕಚ್ಚಿ ಅಂದೆ. ದವಡೆಯ ಸ್ನಾಯು ನಿಂಬೆಹಣ್ಣಿನ ಹಾಗೆ ಉಬ್ಬಿತು. ಒತ್ತಿದರೆ "ಅಮ್ಮಾ" ಅಂದರು. ಕೆನ್ನೆಯ ಒಳಗೆ, ಹಲ್ಲಿನ ಸಾಲಿಗೆ ಸರಿಯಾಗಿ ಒಂದು ಬಿಳಿ ಗೆರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು. ಕೋರೆಹಲ್ಲಿನ ತುದಿ ಸವೆದು ಚಪ್ಪಟೆ. ಬಾಯಿ ತೆರೆದಾಗ ಕಿವಿಯ ಮುಂದೆ ಟಕ್ ಎಂಬ ಸದ್ದು. ಇವರು ಹಲ್ಲು ಕಚ್ಚಿ ಹಿಡಿಯುತ್ತಾರೆ, ಗಂಟೆಗಟ್ಟಲೆ.

ಕೆಳದವಡೆಯ ಕೀಲು ಇರುವುದು ಕಿವಿಯ ತೂತಿನ ಮುಂದೆಯೇ. ಅಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಕೀಲು ಆಡುವುದು ಗೊತ್ತಾಗುತ್ತದೆ. ಅಲ್ಲಿ ನೋವಾದರೆ ಕಿವಿಯೊಳಗೇ ನೋಯುತ್ತಿದೆ ಅನ್ನಿಸುತ್ತದೆ. 1934ರಲ್ಲಿ ಇದನ್ನು ವಿವರವಾಗಿ ಬರೆದ ಅಮೆರಿಕದ ಜೇಮ್ಸ್ ಕಾಸ್ಟನ್ ಕೂಡ ಕಿವಿ, ಮೂಗು, ಗಂಟಲಿನ ವೈದ್ಯರೇ. ದವಡೆ ಹಲ್ಲು ಬಿದ್ದು ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ತಗ್ಗಿದ್ದೇ ಇದಕ್ಕೆ ಕಾರಣ ಎಂದು ಅವರು ನಂಬಿದ್ದರು. ಆ ವಾದ ಮುಂದೆ ನಿಲ್ಲಲಿಲ್ಲ. ಕಚ್ಚಿ ಹಿಡಿಯುವ ಅಭ್ಯಾಸ, ಮನಸ್ಸಿನ ಒತ್ತಡ, ನಿದ್ದೆಗೇಡು ಎಲ್ಲವೂ ಇದರಲ್ಲಿ ಸೇರಿಕೊಂಡಿರುತ್ತವೆ. ಅದಕ್ಕೇ, ಕೀಲು ನೋವೆಂದು ಬಂದ ಮೊದಲ ದಿನವೇ ಕಚ್ಚು ಸರಿಮಾಡಲು ಹಲ್ಲನ್ನು ತೇಯ್ದು ತಗ್ಗಿಸುವುದನ್ನು ನಾನು ಒಪ್ಪುವುದಿಲ್ಲ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಹಲ್ಲು ಕಚ್ಚಿ ಸಹಿಸಿಕೊಂಡೆ ಅಂತೀವಲ್ವಾ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತ ಜನ ನಿಜವಾಗಿಯೂ ಅದನ್ನೇ ಮಾಡುತ್ತಿರುತ್ತಾರೆ. ಅಗಿಯುವಾಗ, ನುಂಗುವಾಗ ಹಲ್ಲು ತಾಗುತ್ತದೆ, ಸರಿ. ಉಳಿದ ಹೊತ್ತು ತುಟಿ ಸೇರಿರಬೇಕು, ಹಲ್ಲುಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದಿರಬೇಕು. ಸ್ಟಿಯರಿಂಗ್ ಮೇಲೆ ಒಂದು ಕೆಂಪು ಸ್ಟಿಕರ್ ಅಂಟಿಸಿ, ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲ ಬಿಡಿ ಅಂದೆ. ಬಿಸಿನೀರಿನ ಶಾಖ. ಚಕ್ಕುಲಿ, ನಿಪ್ಪಟ್ಟು, ಕಬ್ಬು ಕೆಲವು ವಾರ ಬೇಡ. ಮುದ್ದೆ ಊಟ ಅವರಿಗೆ ಹೇಳಿ ಮಾಡಿಸಿದ್ದು, ಅಗಿಯುವ ಕೆಲಸವೇ ಇಲ್ಲ. ರಾತ್ರಿಗೆ ಹಲ್ಲಿನ ಮೇಲೆ ಕೂರುವ, ಗಟ್ಟಿ ಅಕ್ರಿಲಿಕ್‌ನ ನೈಟ್ ಗಾರ್ಡ್ ಮಾಡಿಕೊಟ್ಟೆ. ಅದು ಅಭ್ಯಾಸವನ್ನು ಬಿಡಿಸುವುದಿಲ್ಲ, ಹಲ್ಲು ಸವೆಯದಂತೆ ಕಾಯುತ್ತದೆ. ಆರು ವಾರದ ಹೊತ್ತಿಗೆ ನೋವು ಬಹಳ ಇಳಿದಿತ್ತು. ಟಕ್ ಸದ್ದು ಹಾಗೇ ಇತ್ತು. ನೋವಿಲ್ಲದ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡವರ ಬಾಯಿಗೆ ಅವರದೇ ಮೂರು ಬೆರಳು ನಿಲ್ಲಿಸಿ ಹಿಡಿದರೆ ಹೋಗಬೇಕು. ಬಾಯಿ ದಿನೇ ದಿನೇ ಕಿರಿದಾಗುತ್ತಿದೆ, ಖಾರ ತಿಂದರೆ ಉರಿ, ಜೊತೆಗೆ ಅಡಿಕೆ ಅಥವಾ ಗುಟ್ಕಾ ಚಟ ಇದೆ ಎಂದರೆ ಅದು ಕೀಲಿನ ತೊಂದರೆ ಅಲ್ಲದಿರಬಹುದು. ಕ್ಯಾನ್ಸರ್‌ಗೆ ತಿರುಗಬಲ್ಲ ಬೇರೆಯೇ ಕಾಯಿಲೆ ಇರಬಹುದು. ತಡ ಮಾಡಬೇಡಿ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರಿ ದಂತ ಕಾಲೇಜು ಇದೆ.

ಇನ್ನು ವಸಡಿನ ವಿಷಯ. ನಲವತ್ತೈದು ದಾಟಿದ ಟೀಚರ್ ಒಬ್ಬರು, "ಮುಂದಿನ ಹಲ್ಲಲ್ಲಿ ಸಂದು ಬಿಡ್ತಾ ಇದೆ, ಕ್ಲಿಪ್ ಹಾಕಿಬಿಡಿ" ಎಂದು ಬಂದರು. ಬ್ರಷ್ ಮಾಡುವಾಗ ರಕ್ತ ಬರುವುದು ಅವರಿಗೆ ವರ್ಷಗಳಿಂದ ರೂಢಿಯಾಗಿ ಹೋಗಿತ್ತು. ಎಕ್ಸ್-ರೇಯಲ್ಲಿ ಹಲ್ಲಿನ ಬುಡದ ಮೂಳೆ ಕರಗಿದ್ದು ಕಾಣಿಸಿತು. ವಸಡಿನ ರೋಗ ಶುರುವಾಗುವುದು ಕೊಳೆ ಮತ್ತು ಪಾಚಿಯಿಂದ, ಕಚ್ಚಿನಿಂದಲ್ಲ. ಆದರೆ ಆಸರೆ ಕಳೆದುಕೊಂಡ ಹಲ್ಲಿಗೆ ಮಾಮೂಲಿ ಕಚ್ಚೂ ಜಾಸ್ತಿಯೇ. ಒಂದೊಂದು ತುತ್ತಿಗೂ ಅದು ಇಷ್ಟಿಷ್ಟೇ ಮುಂದೆ ಸರಿಯುತ್ತದೆ. ಸೋಂಕು ಹಾಗೇ ಇರುವಾಗ ಕ್ಲಿಪ್ ಹಾಕಿದರೆ ಉಳಿದ ಮೂಳೆಯೂ ಹೋಗಬಹುದು. ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿದೆವು, ವಸಡಿನ ಒಳಗಿನವರೆಗೂ ಕ್ಲೀನ್ ಮಾಡಿದೆವು. ರಕ್ತ ನಿಂತು, ವಸಡು ಗಟ್ಟಿಯಾದ ಮೇಲಷ್ಟೇ ಕ್ಲಿಪ್ ಮಾತು.

"ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತಂತೆ?" ಎಂದು ಅವರೂ ಕೇಳಿದರು. ಈ ಹೆದರಿಕೆಯಿಂದಲೇ ಎಷ್ಟೋ ಜನ ಹಲ್ಲು ಕಳೆದುಕೊಳ್ಳುವುದನ್ನು ನೋಡಿದ್ದೇನೆ, ಬೇಸರವಾಗುತ್ತದೆ. ಹಲ್ಲು ಅಷ್ಟರಲ್ಲೇ ಸಡಿಲವಾಗಿರುತ್ತದೆ, ಗಟ್ಟಿಯಾದ ಪಾಚಿ ಅದನ್ನು ಪಕ್ಕದ ಹಲ್ಲಿಗೆ ಅಂಟಿಸಿ ಹಿಡಿದಿರುತ್ತದೆ, ಅಷ್ಟೇ.

ಹೊಸದಾಗಿ ಹಲ್ಲು ತುಂಬಿಸಿಕೊಂಡವರಿಗೂ ಒಂದು ಮಾತು. ನಾವು ನೀಲಿ ಕಾಗದ ಇಟ್ಟು "ಟಕ್ ಟಕ್ ಕಚ್ಚಿ" ಅನ್ನುತ್ತೇವಲ್ಲ, ಎತ್ತರವಾದ ಕಡೆ ದಟ್ಟವಾಗಿ ಬಣ್ಣ ಹತ್ತುತ್ತದೆ. ಆದರೆ ಆಗ ಬಾಯಿ ಜೋಮು ಹಿಡಿದಿರುತ್ತದೆ, ನಿಮಗೆ ಸರಿಯಾಗಿ ಕಚ್ಚಲು ಬರುವುದಿಲ್ಲ. ಮಾರನೇ ದಿನ ತಿಂಡಿ ತಿನ್ನುವಾಗ ಆ ಹಲ್ಲೇ ಮೊದಲು ತಾಗುತ್ತಿದೆ ಅನ್ನಿಸಿದರೆ, ಅಭ್ಯಾಸವಾಗುತ್ತೆ ಬಿಡು ಎಂದು ಸುಮ್ನೆ ಇರಬೇಡಿ. ವಾಪಸ್ ಹೋಗಿ ಹೇಳಿ. ಐದು ನಿಮಿಷದ ಕೆಲಸ ಅದು.